ಯಾರಿಗೂ ಬೇಡವಾದವುಗಳ ಪಟ್ಟಿ

ನಾನು ಕೆಟ್ಟವನಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದಿನದನ್ನೆಲ್ಲ ಕೇಳಿದ ಮೇಲೆ ಹೇಳಿದರೆ ಯಾರೂ ನಂಬುವುದಿಲ್ಲ. ನಮ್ಮ ಬೀದಿಯಲ್ಲಂತೂ ಈಗಾಗಲೇ ನಂಬುವವರಿಲ್ಲ. ಎದುರು ಮನೆಯ ದರ್ಜಿ ನನ್ನನ್ನು ಕಂಡರೆ ತಲೆ ತಗ್ಗಿಸಿ ಹೊಲಿಗೆ ಯಂತ್ರವನ್ನು ಜೋರಾಗಿ ತುಳಿಯುತ್ತಾನೆ. ಹಾಲು ತರುವವನು ಮಾತ್ರ ಮೊನ್ನೆ ನನ್ನನ್ನು ಗೇಟಿನ ಪಕ್ಕಕ್ಕೆ ಕರೆದು, ದನಿ ತಗ್ಗಿಸಿ, "ಸಾರ್, ಒಂದೇ ಮಧ್ಯಾಹ್ನದಲ್ಲಿ ಮನೆಯವರ ಬಾಯಿ ಮುಚ್ಚಿಸಿದ್ರಂತೆ, ಹೇಗೆ ಮಾಡಿದ್ರಿ" ಎಂದು ಕೇಳಿದ. ಅವನ ಕಣ್ಣಿನಲ್ಲಿದ್ದ ಭಕ್ತಿಯನ್ನು ನೋಡಿ ನನಗೆ ಇನ್ನಷ್ಟು ಸಂಕಟವಾಯಿತು.

ನಾನು ಇಪ್ಪತ್ತಾರು ವರ್ಷ ಒಂದು ದೊಡ್ಡ ಕಚೇರಿಯ ದಾಖಲೆ ಕೋಣೆಯಲ್ಲಿ ದುಡಿದು ನಿವೃತ್ತನಾದವನು. ನೆಲಮಾಳಿಗೆ, ಕಿಟಕಿಯಿಲ್ಲ, ಗೋಡೆಯಿಂದ ಗೋಡೆಗೆ ಕಬ್ಬಿಣದ ಕಪಾಟು. ಕಡತಗಳನ್ನು ಕಾಪಾಡಲು ಬೇರೆಯವರಿದ್ದರು. ನನ್ನ ಕೆಲಸ ಕಳೆ ಕೀಳುವುದು. ಯಾವುದು ಇರಬೇಕು, ಯಾವುದು ಹೋಗಬೇಕು ಎಂದು ತೀರ್ಮಾನಿಸಿ, ಹೋಗತಕ್ಕದ್ದರ ಮೇಲೆ 'ನಾಶಪಡಿಸಬಹುದು' ಎಂಬ ಮುದ್ರೆ ಒತ್ತುವುದು. ಇದಕ್ಕೆ ನನ್ನದೇ ಒಂದು ಸೂತ್ರವಿತ್ತು. ಕಡತ ಕೈಗೆತ್ತಿಕೊಂಡಾಗ ಅದರೊಳಗೇನಿದೆ ಎಂದು ನೋಡಬಾರದು (ನೋಡುತ್ತ ಕೂತರೆ ಒಂದು ಜನ್ಮ ಸಾಲದು). ಬೇರೆ ಯಾವುದಾದರೂ ಕಡತದಲ್ಲಿ ಇದರ ಸಂಖ್ಯೆ ಬಂದಿದೆಯೇ ಎಂದಷ್ಟೇ ನೋಡಬೇಕು. ಬೇರೆ ಯಾವ ಕಡತವೂ ಕೇಳದ ಕಡತ ಯಾರಿಗೂ ಬೇಡದ ಕಡತ. ಈ ಸೂತ್ರದಿಂದ ಮೂರು ಕೋಣೆ ಖಾಲಿ ಮಾಡಿದ್ದೇನೆ. ಬೀಳ್ಕೊಡುಗೆಯ ದಿನ ಮೇಲಧಿಕಾರಿಗಳು, "ಇವರ ಕೈ ತಾಗಿದ ಕಡೆಯೆಲ್ಲ ಗಾಳಿ ಬೆಳಕು ಬಂತು" ಎಂದು ಭಾಷಣ ಮಾಡಿದರು. ನೆಲಮಾಳಿಗೆಗೆ ಬೆಳಕು ಹೇಗೆ ಬಂತೆಂದು ಯಾರೂ ಕೇಳಲಿಲ್ಲ.

ಇನ್ನು ನನ್ನ ಹೆಂಡತಿ. ಮೂವತ್ತೊಂದು ವರ್ಷ ಚಿಕ್ಕ ಮಕ್ಕಳಿಗೆ ಪಾಠ ಹೇಳಿದವಳು. ಬೀದಿಯವರೆಲ್ಲ ಟೀಚರ್ ಎನ್ನುತ್ತಾರೆ. ಮನಸ್ಸಿನೊಳಗೆ ನಾನೂ ಹಾಗೇ ಎನ್ನುತ್ತೇನೆ. ಒಂಬತ್ತು ತಿಂಗಳ ಹಿಂದೆ ಅವಳ ಗಂಟಲಿನಲ್ಲಿ ಗಂಟು ಕಾಣಿಸಿಕೊಂಡಿತು. ದನಿಪೆಟ್ಟಿಗೆಯನ್ನೇ ತೆಗೆಯಬೇಕು, ಜೀವ ಉಳಿಯುತ್ತದೆ, ದನಿ ಉಳಿಯುವುದಿಲ್ಲ ಎಂದರು ವೈದ್ಯರು. ಅವತ್ತು ನಾವಿಬ್ಬರೂ ಆಸ್ಪತ್ರೆಯಿಂದ ಮನೆಗೆ ನಡೆದೇ ಬಂದೆವು. ದಾರಿಯುದ್ದಕ್ಕೂ ಅವಳೇ ಮಾತಾಡಿದಳು, ಕೊಳ್ಳಬೇಕಾದ ಸೋಪಿನಿಂದ ಹಿಡಿದು ಪಕ್ಕದ ಮನೆಯ ಬೆಕ್ಕಿನ ತನಕ. ಮದುವೆಯಾದ ಮೇಲೆ ಅವಳ ಮಾತನ್ನು ನಡುವೆ ಎಲ್ಲೂ ಬಿಡದೆ ಪೂರ್ತಿ ಕೇಳಿಸಿಕೊಂಡದ್ದು ಅದೇ ಮೊದಲು.

ಅವಳ ತಮ್ಮ ಬೇರೆ ಊರಿನ ಪಾಲಿಟೆಕ್ನಿಕ್ಕಿನಲ್ಲಿ ಕಂಪ್ಯೂಟರ್ ಪ್ರಯೋಗಾಲಯ ನೋಡಿಕೊಳ್ಳುತ್ತಾನೆ. ಸುದ್ದಿ ಕೇಳಿ ಮೈಕು ಹಿಡಿದುಕೊಂಡು ಬಂದ. ಆಪರೇಷನ್ನಿಗೆ ಮೊದಲು ಹನ್ನೆರಡು ದಿನ, ಹಾಸಿಗೆ ಹೊದಿಕೆ ಇಡುವ ಸಣ್ಣ ಕೋಣೆಯಲ್ಲಿ ಕಂಬಳಿಗಳ ನಡುವೆ ಅಕ್ಕನನ್ನು ಕೂರಿಸಿ, ಸಾವಿರಾರು ವಾಕ್ಯಗಳನ್ನು ಓದಿಸಿ ಹಿಡಿದಿಟ್ಟುಕೊಂಡ. ನಮ್ಮ ಹಳೆಯ ಕಂಪ್ಯೂಟರಿಗೆ ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಂ ಹಾಕಿ, ಅವಳ ದನಿಯನ್ನು ಒಂದು ಪ್ಯಾಕೇಜ್ ಮಾಡಿ ಅದರೊಳಗೆ ಕೂರಿಸಿದ. ಲಿನಕ್ಸಿನಲ್ಲಿ ಪ್ರತಿಯೊಂದು ಕೆಲಸದ ಸಾಮಗ್ರಿಯೂ ಹೀಗೆ ಒಂದೊಂದು ಪ್ಯಾಕೇಜಿನಲ್ಲಿರುತ್ತದೆ; ಒಂದು ಪ್ಯಾಕೇಜ್ ನಡೆಯಬೇಕಾದರೆ ಅದಕ್ಕೆ ಇನ್ನೊಂದು ಬೇಕು, ಆ ಇನ್ನೊಂದಕ್ಕೆ ಮತ್ತೊಂದು ಬೇಕು. ಇವಳು ಕೀಲಿಮಣೆಯಲ್ಲಿ ಬರೆದು ಒಂದು ಕೀಲಿ ಒತ್ತಿದರೆ ಸಾಕು, ಪಕ್ಕದ ಸ್ಪೀಕರಿನಿಂದ ಇವಳದೇ ದನಿ ಬರುತ್ತಿತ್ತು.

ದನಿ ಇವಳದೇ, ಏರಿಳಿತ ಮಾತ್ರ ಇರಲಿಲ್ಲ. "ಒದ್ದೆ ಟವೆಲ್ ಮಂಚದ ಮೇಲೆ ಹಾಕಬೇಡಿ ಅಂತ ಎಷ್ಟು ಸಲ ಹೇಳಬೇಕು" ಎಂಬುದು ರೈಲು ಹೊರಡುವ ಸಮಯ ತಿಳಿಸಿದ ಹಾಗೆ ಕೇಳಿಸುತ್ತಿತ್ತು. ಇನ್ನು ಮೇಲೆ ಜಗಳದಲ್ಲಿ ನಾನೇ ಗೆಲ್ಲಬಹುದೆಂದು ಸ್ವಲ್ಪ ಆಸೆಪಟ್ಟದ್ದೂ ನಿಜ. ಅವಳು ಒಂದು ಸಾಲು ಬರೆಯುವುದರೊಳಗೆ ನಾನು ನಾಲ್ಕು ಆಡಬಹುದಲ್ಲ. ಅದೂ ನಡೆಯಲಿಲ್ಲ. ಪದೇ ಪದೇ ಬೇಕಾಗುವ ಮಾತುಗಳನ್ನು ಮೊದಲೇ ಬರೆದು, ಮೇಲಿನ ಸಾಲಿನ ಒಂದೊಂದು ಕೀಲಿಗೆ ಕಟ್ಟಿಟ್ಟುಕೊಂಡಳು. ಐದನೆಯ ಕೀಲಿ ಒತ್ತಿದರೆ "ನಾನು ಮೊದಲೇ ಹೇಳಲಿಲ್ವಾ". ಏಳನೆಯದು ಒತ್ತಿದರೆ "ನಿಮ್ಮ ತಂಗೀನೂ ಹೀಗೇ". ನನ್ನ ಮಾತಿಗಿಂತ ಮೊದಲು ಅವಳ ಬೆರಳು ಹೋಗುತ್ತಿತ್ತು.

ಆದರೆ ಅವಳಿಗೆ ದನಿ ಬೇಕಾಗಿದ್ದು ನನ್ನ ಸಲುವಾಗಿ ಅಲ್ಲ. ನಿಮಗೆ ನನ್ನ ಕಣ್ಣೇ ಸಾಕು ಎಂದು ಅವಳೇ ಹೇಳುತ್ತಿದ್ದಳು. ಬೇಕಾಗಿದ್ದು ಸಂಜೆ ಆರು ಗಂಟೆಗೆ. ದೂರದ ಊರಿನಲ್ಲಿರುವ ನಮ್ಮ ಮಗಳ ಮಗಳಿಗೆ ಐದು ವರ್ಷ. ದಿನಾ ಆರಕ್ಕೆ ಸರಿಯಾಗಿ ಫೋನ್ ಮಾಡಿ ಅಜ್ಜಿಯಿಂದ ಕಥೆ ಕೇಳುತ್ತಾಳೆ. ಆಪರೇಷನ್ ವಿಷಯ ಮಗುವಿಗೆ ಹೇಳುವುದು ಬೇಡ ಎಂದು ದೊಡ್ಡವರೆಲ್ಲ ಸೇರಿ ತೀರ್ಮಾನಿಸಿದ್ದೆವು. ಟೀಚರ್ ಬೆಳಿಗ್ಗೆಯೆಲ್ಲ ಕೂತು ಕಥೆ ಬರೆಯುವಳು, ಸಂಜೆ ಫೋನನ್ನು ಸ್ಪೀಕರಿನ ಪಕ್ಕದಲ್ಲಿಟ್ಟು ಕೀಲಿ ಒತ್ತುವಳು. ಆಸ್ಪತ್ರೆಯಿಂದ ಬಂದ ಮೇಲೆ ಒಂದು ದಿನವೂ ತಪ್ಪಿಸಿರಲಿಲ್ಲ. ಇದೆಲ್ಲ ನಡೆಯುವ ಹಿಂದಿನ ದಿನದ ಕಥೆ ಅಂಚೆ ಹಂಚುವ ಒಂದು ಕರಡಿ ಬಾವಿಗೆ ಬಿದ್ದಲ್ಲಿಗೆ ನಿಂತಿತ್ತು. ಉಳಿದದ್ದು ನಾಳೆ ಎಂದಾಗ ಮಗು ಎಷ್ಟು ಹೊತ್ತಾದರೂ ಫೋನ್ ಇಡಲಿಲ್ಲ.

ಅವತ್ತೇ ಪರದೆಯ ಮೂಲೆಯಲ್ಲಿ ಒಂದು ಹಳದಿ ಚೌಕ ಕಾಣಿಸಿಕೊಂಡಿತು: ಡಿಸ್ಕಿನಲ್ಲಿ ಜಾಗ ಕಡಿಮೆಯಿದೆ. ಜಾಗ ಕಡಿಮೆ ಎಂಬ ಮಾತು ಕಂಡರೆ ನನ್ನ ಬಲಗೈ ಇವತ್ತಿಗೂ ಮುದ್ರೆ ಹುಡುಕುತ್ತದೆ.

"ನಾನೇ ಸ್ವಲ್ಪ ಹಸನು ಮಾಡ್ತೀನಿ," ಎಂದೆ.

ಅವಳು ಬರೆದಳು. "ಮುಟ್ಟಬೇಡಿ. ಭಾನುವಾರ ತಮ್ಮ ಬರ್ತಾನೆ," ಎಂದಿತು ಸ್ಪೀಕರ್.

"ಎಲ್ಲದಕ್ಕೂ ಅವನೇ ಬರಬೇಕಾ? ಇಪ್ಪತ್ತಾರು ವರ್ಷ ನಾನು ಇದನ್ನೇ ಮಾಡಿದೀನಿ."

"ಅದು ಕಾಗದ."

"ತತ್ವ ಒಂದೇ."

ಅವಳು ಐದನೆಯ ಕೀಲಿಯ ಮೇಲೆ ಬೆರಳಿಟ್ಟುಕೊಂಡು ನನ್ನನ್ನೇ ನೋಡಿದಳು. ಒತ್ತಲಿಲ್ಲ. ಮುಂದೆ ಬೇಕಾಗುತ್ತದೆಂದು ಉಳಿಸಿಕೊಂಡಿರಬೇಕು.

ಮರುದಿನ ಮಧ್ಯಾಹ್ನ ಅವಳು ದರ್ಜಿಯ ಹೆಂಡತಿಯ ಜೊತೆ ಗಂಟಲಿನ ತಪಾಸಣೆಗೆ ಹೋದಳು. ನಾನು ಮುಖ ತೊಳೆದು, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು (ಇಂಥ ಕೆಲಸವನ್ನು ಬನಿಯನ್ನಿನಲ್ಲಿ ಕೂತು ಮಾಡಬಾರದು) ಕಂಪ್ಯೂಟರಿನ ಮುಂದೆ ಕೂತೆ. ಹುಡುಕಿದ್ದಕ್ಕೆ ಯಾರೋ ಪುಣ್ಯಾತ್ಮರು ಬರೆದಿಟ್ಟ ಒಂದು ಸಾಲಿನ ಆಜ್ಞೆ ಸಿಕ್ಕಿತು. ಕಪ್ಪು ಕಿಟಕಿ ತೆರೆದು ಅದನ್ನು ಟೈಪಿಸಿದರೆ, ಬೇರೆ ಯಾವ ಪ್ಯಾಕೇಜಿಗೂ ಬೇಡವಾದ ಪ್ಯಾಕೇಜುಗಳ ಪಟ್ಟಿ ಬರುತ್ತದಂತೆ. ಓದಿ ನನಗೆ ಎದೆ ತುಂಬಿ ಬಂತು. ನೆಲಮಾಳಿಗೆಯಲ್ಲಿ ನಾನೊಬ್ಬನೇ ಕಂಡುಕೊಂಡಿದ್ದ ಸೂತ್ರವನ್ನು, ಎಲ್ಲೋ ಇರುವ ಪಂಡಿತರು ಯಂತ್ರಕ್ಕೇ ಕಲಿಸಿಬಿಟ್ಟಿದ್ದರು.

ನೂರ ಹನ್ನೆರಡು ಹೆಸರು ಬಂದವು. ಒಂದೊಂದನ್ನೂ ಗೆರೆ ಹಾಕಿದ ಪುಸ್ತಕದಲ್ಲಿ ಕ್ರಮಸಂಖ್ಯೆ ಸಮೇತ ಬರೆದುಕೊಂಡು, ಒಂದೊಂದರ ಅಹವಾಲನ್ನೂ ಕೇಳಿದೆ. ನಮಗೆ ಗೊತ್ತಿಲ್ಲದ ಲಿಪಿಗಳ ಅಕ್ಷರಗಳು: ಓದುವವರಿಲ್ಲ, ನಾಶಪಡಿಸಬಹುದು. ಸ್ಕ್ಯಾನರ್ ನಡೆಸುವ ಪ್ಯಾಕೇಜ್: ಸ್ಕ್ಯಾನರೇ ಇಲ್ಲ, ನಾಶಪಡಿಸಬಹುದು. ಆಕಾಶದ ನಕ್ಷತ್ರಗಳನ್ನು ತೋರಿಸುವ ಪ್ಯಾಕೇಜ್: ಮನೆಗೆ ಕಿಟಕಿಯಿದೆ, ನಾಶಪಡಿಸಬಹುದು. ನಲವತ್ತನೆಯದು ಇಸ್ಪೀಟ್ ಆಟ. ಅದೂ ಯಾವ ಪ್ಯಾಕೇಜಿಗೂ ಬೇಡವಾಗಿತ್ತು. ಆದರೆ ದಿನಾ ಮಧ್ಯಾಹ್ನ ನಾನದನ್ನು ಆಡುತ್ತೇನಾದ್ದರಿಂದ 'ಶಾಶ್ವತವಾಗಿ ಉಳಿಸತಕ್ಕದ್ದು' ಎಂದು ಬರೆದೆ. ನನಗೆ ಬುದ್ಧಿ ಬರಬೇಕಾಗಿದ್ದು ಇಲ್ಲಿ. ಯಾವ ಪ್ಯಾಕೇಜಿಗೂ ಬೇಡವಾದದ್ದು ಒಬ್ಬ ಮನುಷ್ಯನಿಗೆ ಬೇಕಾಗಿರಬಹುದು ಎಂಬುದಕ್ಕೆ ಸಾಕ್ಷಿಯಾಗಿ ನಾನೇ ಅಲ್ಲಿ ಕೂತಿದ್ದೆ. ಬರಲಿಲ್ಲ.

ಎಂಬತ್ತೇಳನೆಯದಕ್ಕೆ ಹೆಸರೂ ಸರಿಯಾಗಿರಲಿಲ್ಲ. ಎಕೆವಿ-೩ ಎಂದಷ್ಟೇ ಇತ್ತು. ಏನಿದು ಎಂದು ಕೇಳಿದರೆ, ವಿವರಣೆ ಇಲ್ಲ ಎಂದಿತು ಯಂತ್ರ. ಮೇಲಾಗಿ ಪಟ್ಟಿಯಲ್ಲೆಲ್ಲ ಅದೇ ದೊಡ್ಡದು, ಮೂವತ್ತು ಪ್ಯಾಕೇಜುಗಳ ಜಾಗವನ್ನು ಒಂದೇ ತಿನ್ನುತ್ತ ಕೂತಿತ್ತು. ವಿಷಯ ಬರೆಯದ ದಪ್ಪ ಕಡತ ಕಂಡರೆ ನಮ್ಮ ಕೋಣೆಯಲ್ಲಿ ಎರಡನೆಯ ಸಲ ನೋಡುತ್ತಿರಲಿಲ್ಲ. ತೆಗೆಯುವುದರಲ್ಲೂ ಎರಡು ಬಗೆಯಿದೆ. ಒಂದರಲ್ಲಿ ಚೂರುಪಾರು ಉಳಿಯುತ್ತದೆ, ಇನ್ನೊಂದರಲ್ಲಿ ಬೇರುಸಹಿತ ಹೋಗುತ್ತದೆ. ನಾನು ಬೇರುಸಹಿತ ಎಂದೆ. ಖಚಿತವೇ ಎಂದು ಯಂತ್ರ ಕೇಳಿತು. ಯಂತ್ರಕ್ಕಿದ್ದ ಸಂಶಯ ನನಗಿರಲಿಲ್ಲ.

ಅಷ್ಟಕ್ಕೇ ಮುಗಿಯಲಿಲ್ಲ. ಎಕೆವಿ-೩ ಹೋದ ಮೇಲೆ, ಅದನ್ನು ನಡೆಸುತ್ತಿದ್ದ ಪ್ಯಾಕೇಜುಗಳು ಕೆಲಸವಿಲ್ಲದೆ ಕೂತವು. ಇನ್ನು ಇವೂ ಯಾರಿಗೂ ಬೇಡ ಎಂದು ಯಂತ್ರವೇ ಕೈ ತೋರಿಸಿತು. ಅವನ್ನೂ ತೆಗೆದೆ. ಆಗ ಅವುಗಳ ಕೆಳಗಿನವು ಬೇಡವಾದವು. ಹೀಗೆ ಮೂರು ಸುತ್ತು. ನಾಲ್ಕು ಗಂಟೆಗೆ ಡಿಸ್ಕಿನ ಕಾಲು ಭಾಗ ಖಾಲಿಯಾಗಿತ್ತು, ಹಳದಿ ಚೌಕ ಮಾಯವಾಗಿತ್ತು, ನಾನು ಒಂದು ಕೈ ಇಸ್ಪೀಟ್ ಆಡಿ ಗೆದ್ದಿದ್ದೆ.

ನಾಲ್ಕೂವರೆಗೆ ಅವಳು ಬಂದಳು. ವೈದ್ಯರು ಚೆನ್ನಾಗಿದೆ ಎಂದಿದ್ದರೆಂದು ಕಾಣುತ್ತದೆ, ಮುಖ ಗೆಲುವಾಗಿತ್ತು. "ನಿನ್ನ ತಮ್ಮ ಭಾನುವಾರ ಬರೋದೇ ಬೇಡ," ಎಂದು ನಾನು ಎದ್ದು ನಿಂತು ಕುರ್ಚಿ ಬಿಟ್ಟುಕೊಟ್ಟೆ. ಅವಳು ಕೂತು ಒಂದು ಸಾಲು ಬರೆದು ಕೀಲಿ ಒತ್ತಿದಳು. ಏನೂ ಬರಲಿಲ್ಲ. ಸ್ಪೀಕರಿನ ವಯರು ನೋಡಿದಳು. ಮತ್ತೆ ಒತ್ತಿದಳು. ಆಮೇಲೆ ಐದನೆಯ ಕೀಲಿ ಒತ್ತಿದಳು. ಅದಕ್ಕೂ ಏನೂ ಬರಲಿಲ್ಲ. ಏಳನೆಯದು ಒತ್ತಿದಳು, ನನ್ನ ತಂಗಿಯೂ ಪಾರಾದಳು. ಮೇಲಿನ ಸಾಲಿನ ಕೀಲಿಗಳನ್ನು ಒಂದೊಂದಾಗಿ ಕೊನೆಯ ತನಕ ಒತ್ತಿ, ಕೈಯನ್ನು ಮೆಲ್ಲಗೆ ತನ್ನ ಗಂಟಲಿನ ಮೇಲಿಟ್ಟುಕೊಂಡಳು. ಆಸ್ಪತ್ರೆಯಲ್ಲಿ ಎಚ್ಚರವಾದಾಗಲೂ ಹೀಗೇ ಇಟ್ಟುಕೊಂಡಿದ್ದಳು.

ಒಂದು ಚೀಟಿ ತೆಗೆದು ಬರೆದಳು: "ಏನು ಮಾಡಿದ್ರಿ". ಪ್ರಶ್ನಾರ್ಥಕ ಚಿಹ್ನೆ ಇರಲಿಲ್ಲ. ಮೂವತ್ತೊಂದು ವರ್ಷ ಮಕ್ಕಳಿಗೆ ಚಿಹ್ನೆ ಕಲಿಸಿದವಳು ಅದನ್ನು ಬಿಟ್ಟಿದ್ದಾಳೆಂದರೆ ಅದು ಪ್ರಶ್ನೆಯಲ್ಲ.

"ಯಾರಿಗೂ ಬೇಡದ್ದನ್ನ ಮಾತ್ರ ತೆಗೆದೆ. ಎಲ್ಲ ಬರೆದಿಟ್ಟಿದೀನಿ, ಬೇಕಾದ್ರೆ ನೋಡು," ಎಂದು ಪುಸ್ತಕ ಮುಂದಿಟ್ಟೆ. ಅವಳ ಬೆರಳು ಒಂದೊಂದೇ ಹೆಸರಿನ ಮೇಲೆ ಇಳಿಯುತ್ತ ಬಂದು ನಿಂತಿತು. ಪೆನ್ಸಿಲ್ ತೆಗೆದುಕೊಂಡು ಪಕ್ಕದಲ್ಲಿ ಬರೆದಳು: "ಎಂಬತ್ತೇಳು. ಎಕೆವಿ ಅಂದ್ರೆ ಅಕ್ಕನ ವಾಯ್ಸ್. ಇದು ನಾನು."

ಬಾಮೈದನಿಗೆ ಫೋನ್ ಮಾಡಿದೆ. ಅವನು ಪೂರ್ತಿ ಕೇಳಿಸಿಕೊಂಡ.

"ಸುಮ್ನೆ ತೆಗೆದ್ರಾ ಭಾವ, ಬೇರುಸಹಿತ ತೆಗೆದ್ರಾ?"

"ಬೇರುಸಹಿತ."

ಟೀಚರ್ ಫೋನಿಗೆ ಕಿವಿ ಹಚ್ಚಿಕೊಂಡು ನಿಂತಿದ್ದಳು.

"ಯಾವ ಪ್ಯಾಕೇಜಿಗೂ ಅದು ಬೇಡ ಅಂತ ಯಂತ್ರವೇ ಹೇಳ್ತು ಕಣಪ್ಪಾ," ಎಂದೆ ನಾನು.

"ಸರಿ ಭಾವ. ಬೇರೆ ಪ್ಯಾಕೇಜಿಗೆ ಯಾಕೆ ಬೇಕು ಅದು? ಅದನ್ನ ಬಳಸೋದು ಅಕ್ಕ. ಮನುಷ್ಯರ ಹೆಸರು ಆ ಪಟ್ಟೀಲಿ ಬರಲ್ಲ."

ಇಪ್ಪತ್ತಾರು ವರ್ಷ, ಮೂರು ಕೋಣೆ. ನಾನು ಮುದ್ರೆ ಒತ್ತಿದ ಕಡತಗಳನ್ನು ಕೇಳಿಕೊಂಡು ಕಡತಗಳು ಬರಲಿಲ್ಲ, ನಿಜ. ಜನ ಬಂದಿದ್ದರೇನೋ, ಅವರನ್ನು ನೆಲಮಾಳಿಗೆಗೆ ಬಿಡುತ್ತಿರಲಿಲ್ಲ.

"ಅಕ್ಕ ಓದಿದ ರೆಕಾರ್ಡಿಂಗ್ ನನ್ನ ಹತ್ರ ಭದ್ರವಾಗಿದೆ, ಹೆದರಬೇಡಿ ಅನ್ನಿ," ಎಂದ ಬಾಮೈದ. ಟೀಚರ್ ಕಣ್ಣು ಮುಚ್ಚಿ ತೆರೆದಳು. "ಆದ್ರೆ ಮತ್ತೆ ಕಟ್ಟೋಕೆ ನಾಲ್ಕು ದಿನ ಬೇಕು."

"ಆರು ಗಂಟೆಗೆ ಮಗು ಫೋನ್ ಮಾಡುತ್ತೆ."

"ಭಾವ, ಈಗ ಐದೂಕಾಲು."

ಯಂತ್ರದ ಜೊತೆಗೆ ಬರುವ ಬಿಟ್ಟಿ ದನಿಯೊಂದಿದೆ, ತಾತ್ಕಾಲಿಕಕ್ಕೆ ಅದನ್ನು ಹಾಕಿ ನೋಡಿ ಎಂದು ದಾರಿ ಹೇಳಿಕೊಟ್ಟ. ಹಾಕಿದೆ. ಅವಳು "ಪುಟ್ಟೀ, ನಾನು ಅಜ್ಜಿ" ಎಂದು ಬರೆದು ಕೀಲಿ ಒತ್ತಿದಳು. ಡಬ್ಬದೊಳಗೆ ಕೂರಿಸಿ ಮುಚ್ಚಳ ಹಾಕಿದ ಗಂಡಸೊಬ್ಬ ಶೀತವಾದ ಮೂಗಿನಲ್ಲಿ ತಾನು ಅಜ್ಜಿಯೆಂದು ಸಾರಿದ. ಅವಳು ಸ್ಪೀಕರಿನ ಸ್ವಿಚ್ ಆರಿಸಿ ಚೀಟಿ ಬರೆದಳು: "ಮಗು ಹೆದರುತ್ತೆ. ನಾನೇ ಹೆದರಿದೆ."

"ಇವತ್ತೊಂದಿನ ಅಜ್ಜಿಗೆ ಹುಷಾರಿಲ್ಲ ಅಂತ ಹೇಳಿಬಿಡಲಾ?"

"ಕರಡಿ ಬಾವೀಲಿದೆ," ಎಂದು ಬರೆದಳು.

"ಹಾಗಾದ್ರೆ ನೀನು ಬರೆದಿದ್ದನ್ನ ನಾನು ಓದ್ತೀನಿ. ನಿನ್ನ ಹಾಗೇ ಓದ್ತೀನಿ."

"ನನ್ನ ಹಾಗೆ?" ಈ ಸಲ ಚಿಹ್ನೆ ಇತ್ತು.

ಐದೂ ಐವತ್ತರ ತನಕ ಅಭ್ಯಾಸ ನಡೆಯಿತು. ನಾನು ದನಿ ಸಣ್ಣ ಮಾಡಿ ಓದುವುದು, ಅವಳು ಚೀಟಿ ತಳ್ಳುವುದು. "ಅಷ್ಟು ಮೂಗಿನಲ್ಲಿ ನಾನು ಯಾವತ್ತೂ ಮಾತಾಡಿಲ್ಲ." "ಉಸಿರು ಎಲ್ಲಿ ತೆಗೀಬೇಕೋ ಅಲ್ಲಿ ತೆಗೀರಿ." "ಕರಡಿ ಬಿದ್ದಿದೆ ರೀ. ಸ್ವಲ್ಪ ದುಃಖ ಇರಲಿ." ದುಃಖಕ್ಕೇನೂ ನನ್ನಲ್ಲಿ ಕೊರತೆಯಿರಲಿಲ್ಲ, ಅದು ಸಣ್ಣ ದನಿಯಲ್ಲಿ ಬರುತ್ತಿರಲಿಲ್ಲ ಅಷ್ಟೆ.

ಆರಕ್ಕೆ ಸರಿಯಾಗಿ ಫೋನ್ ಬಂತು. ಇಬ್ಬರಿಗೂ ಕೇಳುವಂತೆ ಅದರ ದನಿ ಜೋರು ಮಾಡಿ ಹಿಡಿದೆ.

"ಅಜ್ಜೀ, ಕರಡಿ ಮೇಲೆ ಬಂತಾ?"

ನಾನು ಗಂಟಲು ಸರಿಮಾಡಿಕೊಂಡೆ. "ಹೇಳ್ತೀನಿ ಕೇಳು ಪುಟ್ಟೀ. ಬಾವಿಯೊಳಗೆ ಕತ್ತಲೆಯೋ ಕತ್ತಲೆ..."

ಆ ಕಡೆಯಿಂದ, "ತಾತ, ಯಾಕೆ ಹಂಗೆ ಮಾತಾಡ್ತಿದೀಯ? ಹೊಟ್ಟೆನೋವಾ?"

ಹೆಂಡತಿಯ ಮುಖ ನೋಡುವ ಧೈರ್ಯ ನನಗಾಗಲಿಲ್ಲ. "ಇಲ್ಲ ಕಂದ. ಇವತ್ತು ಅಜ್ಜಿಗೆ ಸ್ವಲ್ಪ ಗಂಟಲು..."

"ಅಜ್ಜಿ ಗಂಟಲಲ್ಲಿ ಮಾತಾಡಲ್ಲ. ಟಕ ಟಕ ಅಂತ ಒತ್ತಿ ಮಾತಾಡೋದು. ನಂಗೆ ಕೇಳುತ್ತೆ."

ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. "ನಿಂಗೆ ಗೊತ್ತಿತ್ತಾ? ಮತ್ತೆ ಯಾಕೆ ಹೇಳ್ಲಿಲ್ಲ?" ಎಂದೆ.

"ನೀವ್ಯಾರೂ ಹೇಳ್ಲಿಲ್ಲ. ಅದಕ್ಕೆ ನಾನೂ ಹೇಳ್ಲಿಲ್ಲ."

ಟೀಚರ್ ಕುರ್ಚಿಯ ಮೇಲೆ ಕೂತುಬಿಟ್ಟಳು. ಎಂಟು ತಿಂಗಳು ನಾವು ಆ ಮಗುವನ್ನು ಕಾಪಾಡುತ್ತಿದ್ದೇವೆಂದುಕೊಂಡಿದ್ದೆವು. ಅವಳು ಕೈ ಚಾಚಿ ನನ್ನಿಂದ ಫೋನ್ ತೆಗೆದುಕೊಂಡು ಮೇಜಿನ ಮೇಲಿಟ್ಟಳು.

"ಅಜ್ಜಿ, ಅಲ್ಲಿದೀಯಾ? ಇದ್ರೆ ಒಂದು ಸಲ ಕುಟ್ಟು."

ಅವಳು ಪೆನ್ಸಿಲಿನಿಂದ ಮೇಜನ್ನು ಒಂದು ಸಲ ಕುಟ್ಟಿದಳು.

"ಹೌದು ಅಂದ್ರೆ ಒಂದು, ಇಲ್ಲ ಅಂದ್ರೆ ಎರಡು. ಗೊತ್ತಾಯ್ತಾ? ಕರಡಿ ಮೇಲೆ ಬಂತಾ?"

ಒಂದು.

"ತಾನೇ ಬಂತಾ?"

ಎರಡು.

"ಹಗ್ಗ ಹಾಕಿದ್ರಾ? ಕಾಗದ ಎಲ್ಲ ಒದ್ದೆ ಆಯ್ತಾ?" ಒಂದಕ್ಕೊಂದರಂತೆ ಉತ್ತರ ಬಂತು. ನಿರಾತಂಕವಾಗಿ ಕರಡಿ ದಡ ಸೇರಿತು. ನಾನು ಮೆಲ್ಲಗೆ ಉಸಿರು ಬಿಟ್ಟೆ.

"ಅಜ್ಜಿ, ಮಾತಾಡೋದು ಕೆಟ್ಟೋಯ್ತಾ?"

ಒಂದು.

"ತಾನಾಗೇ ಕೆಡ್ತಾ?"

ಎರಡು.

"ತಾತ ಕೆಡಿಸಿದ್ನಾ?"

ಹೆಂಡತಿ ನನ್ನನ್ನು ನೋಡಿದಳು. ಇಷ್ಟು ವರ್ಷದ ಸಂಸಾರ, ಒಂದು ಕ್ಷಣವಾದರೂ ಹಿಂದೆಮುಂದೆ ನೋಡಿಯಾಳು ಎಂದುಕೊಂಡೆ. ಅವಳು ಪೆನ್ಸಿಲ್ ಕೆಳಗಿಟ್ಟು ಸ್ಟೀಲಿನ ಲೋಟ ಕೈಗೆತ್ತಿಕೊಂಡಳು. ಒಂದೇ ಪೆಟ್ಟು. ಎದುರು ಮನೆಯ ಹೊಲಿಗೆ ಯಂತ್ರ ನಿಂತಿತು.

"ತಾತನಿಗೆ ಬೈದ್ಯಾ?"

ಎರಡು.

"ಹ್ಞಾ, ನಿಂಗೀಗ ಆಗಲ್ಲ ಅಲ್ವಾ. ನಾನು ಬೈಲಾ?"

ಒಂದು.

ಫೋನಿನಲ್ಲಿ ಒಂದು ಉದ್ದನೆಯ ಉಸಿರು ಕೇಳಿಸಿತು. "ಅಲ್ಲಾ... ರೀ," ಎಂದಿತು ದನಿ. "ಬೇಡ ಅಂತ ಹೇಳಿದ್ನಾ, ಇಲ್ವಾ? ಹೇಳಿದ್ದು ಕಿವಿಗೆ ಬಿತ್ತಾ, ಇಲ್ವಾ? ಒಂದು ಮಾತು ಕೇಳಿ ಮಾಡಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು?"

ಐದು ವರ್ಷದ ಗಂಟಲು, ಆದರೆ ಮಾತು ಅವಳದು. 'ಅಲ್ಲಾ' ಎಂಬಲ್ಲಿ ಎಳೆದು, 'ರೀ' ಎಂಬಲ್ಲಿ ಕೈಬಿಡುವ ಆ ರಾಗ. ಒಂದು ಪ್ರಶ್ನೆ ಕೇಳಿ, ಉತ್ತರಕ್ಕೆ ಜಾಗ ಬಿಟ್ಟಂತೆ ಮಾಡಿ, ನಾನು ಬಾಯಿ ತೆರೆಯುವುದರೊಳಗೆ ಮುಂದಿನದಕ್ಕೆ ಹೋಗುವ ಆ ವೇಗ. ಸ್ಪೀಕರಿಗೆ ಒಂದು ದಿನವೂ ಬಾರದೆ ಹೋದ ಆ ಏರು, ಆ ಇಳಿತ. ಎಂಟು ತಿಂಗಳಾಗಿತ್ತು ನಾನದನ್ನು ಕೇಳಿ. ಇದರ ಇನ್ನೊಂದು ಪ್ರತಿ ಇಂಥ ಕಡೆ ಇದೆಯೆಂದು ಬಾಮೈದನಿಗೂ ಗೊತ್ತಿರಲಿಲ್ಲ. ನಾನು ಯಾವಾಗ ಎದ್ದು ನಿಂತೆನೋ ಕಾಣೆ, ಕೈ ಕಟ್ಟಿಕೊಂಡು ನಿಂತಿದ್ದೆ. ಪಕ್ಕದಲ್ಲಿ ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು. ಅವಳ ಹೆಗಲು ಅಲುಗುತ್ತಿತ್ತು, ನಗುವೋ ಅಳುವೋ ಸದ್ದಿಲ್ಲದ ಮೇಲೆ ಹೇಳುವುದು ಕಷ್ಟ.

"ಅಜ್ಜಿ, ಇನ್ನೂ ಬೈಲಾ?" ಎಂದು ಮಗು ಕೇಳಿತು.

ಹೆಂಡತಿ ಲೋಟವನ್ನು ಎತ್ತಲಿಲ್ಲ. ಕಣ್ಣೊರೆಸಿಕೊಂಡು, ಪಾಪ ಸಾಕು ಎಂಬಂತೆ ನನ್ನ ಕಡೆ ನೋಡಿದಳು.

ನಾನೇ ಬೆರಳು ಮಡಿಸಿ, ಮೇಜಿನ ಮೇಲೆ ಒಂದು ಸಲ ಕುಟ್ಟಿದೆ.